ಸುಡದ ಫ್ಯೂಸ್

ಪಿಎಸ್‌ಐ ಶೈಲಾ ಇಕ್ಕಳದಿಂದ ಫ್ಯೂಸ್ ಎಳೆದು ಬಿಸಿಲಿಗೆ ಹಿಡಿದಳು. ಕೆಂಪು ಪ್ಲಾಸ್ಟಿಕ್ಕಿನ ಸಣ್ಣ ಫ್ಯೂಸ್, ಕಾರುಗಳಲ್ಲಿ ಇರುವಂಥದ್ದು. ಸುತ್ತಲಿನದೆಲ್ಲ ಕರಕಲಾಗಿತ್ತು. ಫ್ಯೂಸಿನೊಳಗಿನ ಎಳೆ ಮಾತ್ರ ನೆಟ್ಟಗಿತ್ತು. ಅದರ ಎರಡು ಕಾಲುಗಳಿಗೆ ಯಾರೋ ತಾಮ್ರದ ತಂತಿ ಸುತ್ತಿದ್ದರು.

ಬನಹಟ್ಟಿಯ ಪಾಲಿಟೆಕ್ನಿಕ್ಕಿನ ಅಂಗಳದಲ್ಲಿ ಸುಟ್ಟು ಬಿದ್ದಿದ್ದದ್ದು ಕಬ್ಬಿನ ಸಾಲಿನಲ್ಲಿ ಕಳೆ ಕೀಳುವ ರೋಬಾಟ್. ಸೋಮವಾರ ಬೆಳಿಗ್ಗೆ ಅದರ ಚಕ್ರ ಕಲ್ಲಿಗೆ ಸಿಕ್ಕಿತ್ತು. ವಿದ್ಯಾರ್ಥಿನಿ ರೇಷ್ಮಾ ರಿಮೋಟ್ ಎಷ್ಟು ಒತ್ತಿದರೂ ಮೋಟರ್ ನಿಲ್ಲಲಿಲ್ಲ. ಬ್ಯಾಟರಿ ಕೀಳಲು ಓಡಿಬಂದ ವಾಚ್‌ಮನ್ ಸಿದರಾಯನ ಮುಖದ ಮೇಲೆಯೇ ಅದು ಸಿಡಿಯಿತು. ಬಲಗಣ್ಣು ಉಳಿಯುವುದು ಕಷ್ಟವೆಂದು ಇಂದು ಜಮಖಂಡಿಯ ಡಾಕ್ಟರು ಹೇಳಿದ್ದರು.

"ಈ ಹುಡುಗೀದ ಕೆಲಸರಿ," ಎಂದರು ಪ್ರಿನ್ಸಿಪಾಲ್ ಶಿದ್ರಾಮಪ್ಪ. "ಶುಕ್ರವಾರ ಬಾಗಲಕೋಟಿಯೊಳಗ ಸ್ಪರ್ಧೆ ಐತಿ. ಗಾಡಿ ನಿಲ್ಲಬಾರದಂತ ತಂತಿ ಸುತ್ಯಾಳ. ಸಂಜಿಯೊಳಗ ಕಾಲೇಜಿನಿಂದ ಹೊರಗ ಹಾಕ್ತೀನಿ."

"ಇಲ್ರಿ ಸರ್, ಫ್ಯೂಸ್ ಅಷ್ಟ ಹಾಕೀನ್ರಿ," ಎಂದಳು ಗಲಗಲಿಯ ರೇಷ್ಮಾ. ಅತ್ತೂ ಅತ್ತೂ ಅವಳ ಮುಖ ಬಾತಿತ್ತು.

ಶೈಲಾಳಿಗೆ ಪ್ರಿನ್ಸಿಪಾಲರ ಈ ಅವಸರ ಹಿಡಿಸಲಿಲ್ಲ.

*

ರೇಷ್ಮಾಳ ಜೊತೆ ರೋಬಾಟ್ ಕಟ್ಟಿದ್ದವನು ಹುನ್ನೂರಿನ ಪರಮೇಶ; ಶನಿವಾರ ಇಬ್ಬರಿಗೂ ಜಗಳವಾಗಿತ್ತು. ಅವನ ಜೇಬಿನಲ್ಲಿ ಸುಟ್ಟ ಎರಡು ಫ್ಯೂಸು ಸಿಕ್ಕವು. ಪ್ರಿನ್ಸಿಪಾಲರ ಹುಬ್ಬು ಮೇಲೇರಿತು.

"ಇವು ನಿನ್ನ ಕಿಸೆದಾಗ ಯಾಕ?" ಎಂದು ಶೈಲಾ ಕೇಳಿದಳು.

"ಮುಧೋಳದ ಅಂಗಡ್ಯಾಗ ತೋರಿಸಿ ಅಂಥಾವ ತರಬೇಕಿತ್ರಿ. ಶನಿವಾರ ಎರಡ ಸಲ ಗಾಡಿ ಸಿಕ್ಕೊಂತು. ಎರಡೂ ಸಲ ಫ್ಯೂಸ್ ಹೋತು, ಮೋಟರ್ ಓಡಿಸೋ ಬೋರ್ಡ್ ಉಳೀತು. ದೊಡ್ಡ ಫ್ಯೂಸ್ ಹಾಕೂಣು ಅಂದ್ನಿ, ರೇಷ್ಮಾ ಒಪ್ಪಲಿಲ್ಲ. ಅದಕ್ಕ ಜಗಳ."

"ಆಮ್ಯಾಗ?"

"ಕಡೀ ಫ್ಯೂಸ್ ಹಾಕಿ ಅಕಿ ಅಳಾಕತ್ತಳ್ರಿ. ಸ್ಪರ್ಧೆಯೊಳಗೂ ಹಿಂಗ ನಿಂತ್ರ ಏನ್ ಮಾಡೂದಂತ."

"ಯಾರ್ ಇದ್ರು ಅಲ್ಲಿ?"

"ನಾನು, ಅಟೆಂಡರ್ ಗಂಗಾರಾಮ ಕಾಕಾ."

ದೊಡ್ಡ ಫ್ಯೂಸ್ ಬೇಡವೆಂದು ಜಗಳಕ್ಕೆ ನಿಂತ ಹುಡುಗಿ ತಂತಿ ಸುತ್ತುತ್ತಾಳೆಯೇ? ಶೈಲಾ ಮತ್ತೆ ಫ್ಯೂಸನ್ನು ಕಣ್ಣಿನ ಹತ್ತಿರ ಹಿಡಿದಳು. ತಂತಿಯ ತುದಿಗಳನ್ನು ಹುರಿಮಾಡಿರಲಿಲ್ಲ, ಗಂಟು ಹಾಕಿದ್ದರು. ಸಣ್ಣ, ಚಪ್ಪಟೆ ಗಂಟು. ರಬಕವಿಯ ವಿದ್ಯುತ್ ಮಗ್ಗದ ಮನೆಯಲ್ಲಿ ಬೆಳೆದ ಅವಳು ಅಂಥ ಗಂಟನ್ನು ದಿನವೂ ನೋಡಿದ್ದಳು.

*

ಪ್ರಿನ್ಸಿಪಾಲರ ಕೋಣೆಯಲ್ಲಿ ಶೈಲಾ ರೇಷ್ಮಾ, ಪರಮೇಶ, ಗಂಗಾರಾಮ ಮೂವರ ಕೈಗೂ ಎರಡೆರಡು ತುಂಡು ದಾರ ಕೊಟ್ಟಳು. "ಕೂಡಿಸ್ರಿ."

ರೇಷ್ಮಾ ಎರಡು ಸಲ ಬಿಗಿದು ದಪ್ಪ ಗಂಟು ಹಾಕಿದಳು. ಪರಮೇಶನದು ದನದ ಹಗ್ಗದ ಗಂಟು. ಗಂಗಾರಾಮನ ಬೆರಳು ಆಡಿದ್ದೇ ಕಾಣಲಿಲ್ಲ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಣ್ಣ, ಚಪ್ಪಟೆ ಗಂಟು ಬಿದ್ದಿತ್ತು.

"ಎಷ್ಟ ವರ್ಷ ಮಗ್ಗ ನಡಿಸೀರಿ ಕಾಕಾ?"

"ಇಪ್ಪತ್ತ..." ಎಂದವನೇ ಗಂಗಾರಾಮ ಕೈಯೊಳಗಿನ ದಾರ ನೋಡಿದ.

ಶೈಲಾ ಮೇಜಿನ ಮೇಲೆ ಫ್ಯೂಸ್ ಇಟ್ಟಳು. "ಮಗ್ಗದಾಗ ಎಳಿ ಹರದ್ರ ಕೂಡಸಬೇಕು. ಫ್ಯೂಸಿನ ಎಳಿ ಇರೂದ ಹರಿಯಾಕ. ಚಕ್ರ ಸಿಕ್ಕೊಂಡಾಗ ಮೋಟರ್ ಕರೆಂಟ್ ಜಗ್ಗತೈತಿ. ಆಗ ಈ ಎಳಿ ಸುಟ್ಟು ಬೋರ್ಡ್ ಉಳಸತೈತಿ. ನೀವು ತಂತಿ ಸುತ್ತಿದ್ರಿ, ಕರೆಂಟ್ ಅದರೊಳಗ ಹೋತು. ಬೋರ್ಡ್ ಸುಟ್ಟು ಒಳಗ ಅಂಟಿಕೊಂತು, ಮೋಟರಿಗೆ ಕರೆಂಟ್ ಹೊಂಟ ಇತ್ತು, ಬ್ಯಾಟರಿ ಕಾದು ಸಿಡೀತು. ರಿಮೋಟಿನ ಮಾತ ಕೇಳೋರು ಯಾರೂ ಉಳೀಲಿಲ್ಲ."

ಗಂಗಾರಾಮ ದಾರವನ್ನು ಮೇಜಿನ ಮೇಲಿಟ್ಟ. "ಮಗ್ಗದ ಫ್ಯೂಸ್ ಹಾರಿದ್ರ ಹಿಂಗ ಸುತ್ತತಿದ್ವಿರಿ. ಒಂದ ದಿನಾನೂ ಏನೂ ಆಗಿದ್ದಿಲ್ಲ. ಅಕಿ ಅಳೂದು ನೋಡಾಕ ಆಗಲಿಲ್ಲ, ಎಲ್ಲಾರೂ ಹೋದಮ್ಯಾಗ ಸುತ್ತಿದ್ನಿ. ನಮ್ಮ ಹುಡುಗಿ ಗೆಲ್ಲಲಿ ಅಂತ..."

ಶೈಲಾಳಿಗೆ ಸಂಕಟವಾಯಿತು. ಅವಳ ಅಪ್ಪನೂ ಜೀವನಪೂರ್ತಿ ಹೀಗೆಯೇ ಸುತ್ತಿದವನು. ಆದರೆ ಆಸ್ಪತ್ರೆಯಲ್ಲಿ ಒಬ್ಬನ ಕಣ್ಣು ಹೋಗುತ್ತಿತ್ತು.

ರೇಷ್ಮಾ ಗಂಗಾರಾಮನೆದುರು ಬಂದು ನಿಂತಳು. "ನಿನ್ನಿಯಿಂದ ನನ್ನ ತೆಲಿ ಸವರಿ 'ಅಳಬ್ಯಾಡವ್ವ' ಅಂದ್ರಿ ಕಾಕಾ. 'ನಾ ಮಾಡೀನಿ' ಅನ್ನಾಕ ಆಗಲಿಲ್ಲೇನ್ರಿ?"

"ಅಂಜಿದ್ನಿ ಯವ್ವಾ."

ಪ್ರಿನ್ಸಿಪಾಲರು ರೇಷ್ಮಾಳನ್ನು ಹೊರಹಾಕಲು ಬರೆದಿಟ್ಟಿದ್ದ ಕಾಗದವನ್ನು ಎರಡು ತುಂಡು ಮಾಡಿದರು. ಗಂಗಾರಾಮ ಕೊರಳಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ತಾನೇ ಬಾಗಿಲತ್ತ ನಡೆದ.

"ಮೊದಲ ನನ್ನ ಸಿದರಾಯನ ಮುಂದ ಒಯ್ದು ನಿಂದರಸ್ರಿ ಮೇಡಂ," ಎಂದ. "ಅವಂಗ ಇನ್ನೂ ಒಂದ ಕಣ್ಣ ಕಾಣತೈತಲ್ಲ."