ಗೇಟಿನ ಪುಸ್ತಕದ ಮೊದಲ ಹೆಸರು

"ಇದೇನು, ಬಾಗಿಲು ಕಿತ್ಕೊಂಡು ಬಂದಿದೀಯಾ?" ಎಂದಳು ಮಿನೋರಿ, ಹಿಮದ ಮೇಲೆ ಜಾರುವ ನನ್ನ ಹೊಸ ಸ್ಕೀ ಹಲಗೆಗಳನ್ನು ನೋಡಿ.

ಅಂಗೈಗಿಂತ ಅಗಲ ಅವು. ಎಂಥ ಪುಡಿಹಿಮದಲ್ಲೂ ಮುಳುಗುವುದಿಲ್ಲ ಎಂದು ಸಪ್ಪೊರೊದ ಅಂಗಡಿಯವನು ಆಣೆ ಮಾಡಿದ್ದ. ಅವಳದೋ ನಾಲ್ಕು ಬೆರಳಗಲದ ಹಳೇ ಜೋಡಿ.

"ಹೊಟ್ಟೆಕಿಚ್ಚಾ?" ಎಂದೆ.

"ಕಾಲಿಗೆ ಬರದೇ ಇರೋದನ್ನ ಹಲಗೆ ಮಾಡುತ್ತಾ, ಸೋಹೇ?"

ಹುಬ್ಬು ಹಾರಿಸಿ ನಕ್ಕಳು. ಅವಳ ರೆಪ್ಪೆಯ ಮೇಲಿದ್ದ ಹಿಮದ ಕಣ ಅಲುಗಿತು, ಬೀಳಲಿಲ್ಲ. ಬಿದ್ದದ್ದು ನಾನು.

ಮಿನೋರಿ ಗುಡ್ಡದ ಕಾವಲು ತಂಡದವಳು. ನಾನು ಕೆಳಗಿನ ರಾಮೆನ್ ಅಂಗಡಿಯಲ್ಲಿ ನೂಡಲ್ಸಿನ ಸಾರು ಕುದಿಸುವವನು. ಹೋದ ವಾರ ಬಟ್ಟಲು ಕೊಡುತ್ತಾ, "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿಬಿಟ್ಟಿದ್ದೆ. ಅವಳು ಸಾರೆಲ್ಲ ಕುಡಿದು ಮುಗಿಸಿ ಹೇಳಿದ್ದಳು: "ಒಂದ್ಸಲ ನನ್ನ ಜೊತೆ ಮೇಲಿಂದ ಇಳಿದು ಬಾ. ಬಂದು ನಿನ್ನ ಹೆಸರು ನೀನೇ ಹೊಡೆದುಹಾಕು. ಆಮೇಲೆ ಉತ್ತರ."

ಗುಡ್ಡ ಹತ್ತುವ ಗೇಟಿನ ಬಳಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಪುಸ್ತಕ, ಪೆನ್ಸಿಲ್. ಹತ್ತುವ ಮುಂಚೆ ಹೆಸರು ಬರೆಯಬೇಕು, ಇಳಿದ ಮೇಲೆ ಅದರ ಮೇಲೆ ಗೀಟೆಳೆಯಬೇಕು. ನಮ್ಮಲ್ಲಿ ಒಬ್ಬರ ಹೆಸರನ್ನು ಇನ್ನೊಬ್ಬರು ಹೊಡೆಯುವುದಿಲ್ಲ.

ಮೊದಲ ಪುಟದ ಮೊದಲ ಸಾಲಿನಲ್ಲಿ ಗೆಂತಾ ಎಂದಿತ್ತು. ಅದಕ್ಕೆ ಗೀಟಿರಲಿಲ್ಲ. ಅಕ್ಷರ ಮಿನೋರಿಯದು. ಅವಳನ್ನು ಮದುವೆಯಾಗಬೇಕಿದ್ದವನು ಮೂರು ಚಳಿಗಾಲದ ಹಿಂದೆ ಹತ್ತಿದವನು ಇಳಿಯಲೇ ಇಲ್ಲ. ದೇಹವೂ ಸಿಗಲಿಲ್ಲ. ಪ್ರತಿ ವರ್ಷ ಹೊಸ ಪುಸ್ತಕ ಬಂದಾಗ ಅವಳು ಆ ಹೆಸರನ್ನು ಮತ್ತೆ ಬರೆಯುತ್ತಾಳೆ.

"ಇನ್ನೂ ಮೇಲೇ ಇದಾನಲ್ಲ," ಎಂದಳು, ನನ್ನ ಮುಖ ನೋಡದೆ.

ನಮ್ಮಿಬ್ಬರ ಹೆಸರೂ ಬರೆದು ಎರಡು ಗಂಟೆ ಹತ್ತಿದೆವು. ತುದಿ ಮುಟ್ಟುವಷ್ಟರಲ್ಲಿ ಮಂಜು ಇಳಿದು, ನನ್ನ ಕೈ ನನಗೇ ಕಾಣದಾಯಿತು.

"ಅಲ್ಲಾಡ್ಬೇಡ. ಬೂಟು ಬಿಗಿ ಮಾಡ್ಕೊಂಡು ಬರ್ತೀನಿ," ಎಂದಳು ಮಿನೋರಿ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸೀಟಿ ಕೇಳಿಸಿತು. ಓಹೋ, ಆಗಲೇ ಹೊರಟಳಾ? ನಾನೂ ಕೆಳಕ್ಕೆ ಜಾರಿದೆ.

ಅಬ್ಬಾ, ಏನು ತೇಲಿದವು ಆ ಸ್ಕೀಗಳು! ಕಾಲ ಕೆಳಗೆ ಹಿಮವಲ್ಲ, ಹತ್ತಿ. ನನ್ನಂಥ ಆಟಗಾರ ಹೊಕ್ಕೈಡೊದಲ್ಲೇ ಇಲ್ಲ ಅನ್ನಿಸಿತು. ವೇಗ ಏರಿತು. ಇನ್ನಷ್ಟು ಏರಿತು. ತಿರುಗಬೇಕೆಂದರೆ ಆ ಹಲಗೆಗಳು ಕೇಳಲೊಲ್ಲವು. ಸಣ್ಣ ಸ್ಕೀ ಆಗಿದ್ದರೆ ಆಗಲೇ ಮುಳುಗಿ ನಿಂತಿರುತ್ತಿದ್ದೆ. ಮುಂದೆ ಎಲ್ಲೋ ಗಾಳಿ ಬಾವಿಯೊಳಗಿಂದ ಬಂದಂತೆ ಊಳಿಡುತ್ತಿತ್ತು.

ಆಗ ಮಂಜು ತುಸು ಸರಿದು ಕಂಡಿತು. ನನ್ನ ದಾರಿಗೆ ಅಡ್ಡಲಾಗಿ, ಆಗಷ್ಟೇ ಮೂಡಿದ ತೆಳು ಗೆರೆಗಳು ಎಡಕ್ಕೆ ಚೂಪಾಗಿ ತಿರುಗಿದ್ದವು. ಮಿನೋರಿ! ಇಡೀ ಮೈಯನ್ನು ಆ ಕಡೆಗೆ ಎಸೆದೆ. ಉರುಳಿ ಹೋಗಿ ಒಂದು ಬರ್ಚ್ ಮರಕ್ಕೆ ಸಿಕ್ಕಿಕೊಂಡೆ.

"ಹುಚ್ಚಾ! ಅಲ್ಲಾಡ್ಬೇಡ ಅಂದ್ರೆ ಕಿವಿ ಕೇಳ್ಸಲ್ವಾ? ಆ ಕಡೆ ಕಮರಿ ಕಣೋ!"

ದನಿ ಬಂದದ್ದು ಮೇಲಿನಿಂದ. ನನ್ನ ಹಿಂದಿನಿಂದ.

"ನೀನೇ ತಾನೆ ಸೀಟಿ ಹೊಡೆದಿದ್ದು? ನಿನ್ನ ಗೆರೆ ನೋಡೇ ತಿರುಗಿದೆ."

"ನಾನು ಈಗ ಬರ್ತಿದೀನಿ, ಸೋಹೇ."

ಅವಳು ಮಂಡಿಯೂರಿ ಗೆರೆಯೊಳಗೆ ಬೆರಳಿಟ್ಟಳು. ನಾಲ್ಕು ಬೆರಳಗಲ. ತಿರುವಿನಲ್ಲಿ ಮಾತ್ರ ಎರಡು ಗೆರೆ ಹೋಗಿ ಒಂದಾಗಿತ್ತು.

"ಗೆಂತಾ ತಿರುಗುವಾಗ ಒಳಗಿನ ಕಾಲು ಎತ್ತಿಬಿಡ್ತಿದ್ದ," ಎಂದಳು ಮೆಲ್ಲಗೆ. "ಎಷ್ಟು ಬೈದ್ರೂ ಬಿಡ್ತಿರ್ಲಿಲ್ಲ."

ನಾವಿಬ್ಬರೂ ಆ ಗೆರೆಗಳ ಹಿಂದೆ ಇಳಿದೆವು. ಅವು ಗೇಟಿನ ಪೆಟ್ಟಿಗೆಯ ಮುಂದೆ ನಿಂತವು. ಆಚೆಗೆ ಒಂದು ಹೆಜ್ಜೆಗುರುತೂ ಇರಲಿಲ್ಲ.

ಮಿನೋರಿ ಪುಸ್ತಕ ತೆರೆದಳು. ಗೆಂತಾ ಎಂಬ ಹೆಸರಿನ ಮೇಲೆ ಗೀಟಿತ್ತು. ಕಾಗದ ಇನ್ನೂ ಒದ್ದೆ.

ಅವಳು ಆ ಗೀಟಿನ ಮೇಲೆ ಬೆರಳಾಡಿಸಿದಳು. ಬೆಟ್ಟದ ಕಡೆ ತಿರುಗಿ ಆಳವಾಗಿ ಬಾಗಿದಳು. ತನ್ನ ಹೆಸರು ಹೊಡೆದು ಪೆನ್ಸಿಲ್ ನನಗೆ ಕೊಟ್ಟಳು. ಅದು ಮಂಜುಗಡ್ಡೆಯಂತಿತ್ತು. ನಾನೂ ಗೀಟೆಳೆದೆ.

"ಉತ್ತರ?" ಎಂದೆ.

"ನಾಳೆ ಆ ಬಾಗಿಲುಗಳನ್ನ ಮನೇಲಿಟ್ಟು ಬಾ. ತಿರುಗೋದು ನಾನು ಕಲಿಸ್ತೀನಿ."

"ಅಂದ್ರೆ ಹೂಂ ಅಂತಾನಾ?"

ಅವಳು ತನ್ನ ಕೈಯನ್ನು ನನ್ನ ಜೇಬಿನೊಳಗೆ ತೂರಿಸಿ, ನನ್ನ ಬೆರಳು ಹಿಡಿದಳು.

"ಹೂಂ ಕಣೋ. ನಡಿ, ಬಿಸಿಬಿಸಿ ರಾಮೆನ್ ಹಾಕು," ಎಂದಳು. "ಮೂರು ಬಟ್ಟಲು."