ಸೀಟಿನಡಿಯ ಸೀಸ

ಸೀಟಿನ ಕೆಳಗೆ ಅಂಟಿಸಿದ್ದ ಸೀಸದ ಬಿಲ್ಲೆ ಕಾಣೆಯಾಗಿತ್ತು.

ಲಿಲ್ಲಾ ತನ್ನ ಕಯಾಕ್ ದೋಣಿಯೊಳಗೆ ಮತ್ತೊಮ್ಮೆ ಕೈಯಾಡಿಸಿದಳು. ಬೆರಳಿಗೆ ತಾಗಿದ್ದು ಒಣಗಿದ ಅಂಟು ಮಾತ್ರ. ನಾಳೆ ಬೆಳಿಗ್ಗೆ ಟಿಸಾ ನದಿಯ ಮೇಲೆ ರಾಷ್ಟ್ರೀಯ ತಂಡದ ಆಯ್ಕೆ ಸ್ಪರ್ಧೆ. ಜಾಗ ಒಂದೇ.

ಗುರಿ ಮುಟ್ಟಿದ ದೋಣಿಯನ್ನು ತಕ್ಕಡಿಗೇರಿಸುತ್ತಾರೆ. ಹನ್ನೆರಡು ಕಿಲೋಗಿಂತ ಕಡಿಮೆ ತೂಗಿದರೆ ಗೆದ್ದವಳೂ ಹೊರಗೆ. ಲಿಲ್ಲಾಳ ಕಾರ್ಬನ್ ನಾರಿನ ದೋಣಿ ಅದಕ್ಕಿಂತ ಹಗುರ. ಕೊರತೆ ತುಂಬಲೆಂದೇ ಆ ಸೀಸ.

ತಕ್ಕಡಿ ನೋಡಿಕೊಳ್ಳುವವಳು ಪಿರೋಶ್ಕಾ. ಕ್ಲಬ್ಬಿನ ಅಡುಗೆಯೂ ಅವಳದೇ. ಮೀನುಸಾರನ್ನು ಒಲೆಯಿಂದ ಇಳಿಸಿ, ಕೈ ಒರೆಸಿಕೊಳ್ಳುತ್ತ ದೋಣಿಮನೆಗೆ ಬಂದಳು.

"ಎಮೋಕೆನೇ ಕಿತ್ತಿರೋದು ಅತ್ತೆ. ನಾನು ಹೊರಗೆ ಬಿದ್ರೆ ಜಾಗ ಅವಳಿಗೆ ತಾನೆ? ಈಗ್ಲೇ ದೂರು ಕೊಡ್ತೀನಿ."

ದೂರು ಕೊಟ್ಟರೆ ನಾಳೆ ಎಮೋಕೆ ನೀರಿಗಿಳಿಯುವಂತಿಲ್ಲ. ಇಬ್ಬರೂ ಚಿಕ್ಕಂದಿನಿಂದ ಪಿರೋಶ್ಕಾಳ ಕೈಯಡುಗೆ ಉಂಡವರು. ಅವಳು ತಡೆದಳು.

"ಕೊಡುವಿಯಂತೆ. ಮೊದಲು ತೂಗೋಣ, ಎತ್ಕೊಂಡು ಬಾ."

ಲಿಲ್ಲಾ ಎಂದಿನಂತೆ ದೋಣಿಯನ್ನು ಹೆಗಲಿಗೇರಿಸಿದಳು. ಅದರ ಮೂತಿ ಕೆಳಕ್ಕೆ ವಾಲಿತು. ಸಿಟ್ಟಿಗೆ ಕೈ ನಿಲ್ಲುತ್ತಿಲ್ಲ ಎಂದು ಗೊಣಗಿ, ಅದನ್ನು ಒಂದಿಷ್ಟು ಹಿಂದಕ್ಕೆ ಜರುಗಿಸಿ ನಡೆದಳು.

ತಕ್ಕಡಿ ಹನ್ನೆರಡು ಕಿಲೋ ತೋರಿಸಿತು — ಸರಿಯಾಗಿ.

ಸೀಸವಿಲ್ಲದೆ ಹನ್ನೆರಡು? ಪಿರೋಶ್ಕಾ ಪರೀಕ್ಷೆಯ ತೂಕದ ಬಟ್ಟು ಇಟ್ಟು ನೋಡಿದಳು. ತಕ್ಕಡಿಯಲ್ಲಿ ದೋಷವಿರಲಿಲ್ಲ.

ಎಮೋಕೆಯನ್ನು ಕರೆಸಿದಳು. ದೋಣಿ ಮುಟ್ಟಿದ್ದೆಯಾ ಎಂದು ಕೇಳಿದಳು.

"ನಾನ್ಯಾಕೆ ಮುಟ್ಲಿ? ಅವಳನ್ನ ನೀರಲ್ಲೇ ಸೋಲಿಸ್ತೀನಲ್ಲ."

ತರಬೇತುದಾರ ಗೇಜಾ ಬಂದ. ಹೋದ ವಾರ ಶಿಬಿರದಿಂದ ದೋಣಿಗಳನ್ನು ಕಾರಿನ ಮೇಲೆ ಕಟ್ಟಿ ತಂದವನು ಅವನೇ. ಸೀಸ ಹೋಗಿದೆ ಎಂದಾಗ ನರೆತ ಮೀಸೆ ಸವರಿಕೊಂಡ.

"ತೂಕ ಸರಿಯಾಗಿ ಹನ್ನೆರಡು ಇದ್ಯಲ್ಲ. ಯಾಕಿಷ್ಟು ಗಲಾಟೆ?"

"ನಾವು ತೂಗಿದ್ದು ನಿನಗಿನ್ನೂ ಹೇಳಿಲ್ವಲ್ಲ ಗೇಜಾ?"

ಅವನ ಕೈ ಮೀಸೆಯಿಂದ ಕೆಳಗಿಳಿಯಿತು.

ಪಿರೋಶ್ಕಾ ಜೇಬಿನಿಂದ ಚಮಚ ತೆಗೆದು ದೋಣಿಯ ತಳವನ್ನು ಹಿಂದಿನಿಂದ ತಟ್ಟುತ್ತ ಬಂದಳು. ಠಣ್, ಠಣ್. ಮೂತಿಯ ಹತ್ತಿರ — ದಪ್. ಮುಂದೆ ಮತ್ತೆ ಠಣ್.

"ಲಿಲ್ಲಾ, ನಿನ್ನ ಹೆಗಲು ಆಗಲೇ ಹೇಳಿತ್ತು, ನೀನು ಕೇಳ್ಲಿಲ್ಲ," ಎಂದಳು. "ಸೀಸ ಇದ್ದದ್ದು ನಡುವೆ. ತೂಕ ಈಗ ಮೂತಿಗೆ ಹೋಗಿದೆ. ಇಲ್ಲಿ ದೋಣಿ ಒಡೆದಿತ್ತು. ಒಳಗಿಂದ ಬಟ್ಟೆ, ಅಂಟು ಹಾಕಿ ತೇಪೆ ಹಚ್ಚಿದ್ದಾರೆ. ತೇಪೆಯಷ್ಟೇ ಭಾರದ ಸೀಸ ಕಿತ್ತಿದ್ದಾರೆ, ತಕ್ಕಡಿಗೆ ಗೊತ್ತಾಗದ ಹಾಗೆ. ಕಾರಿನ ಮೇಲಿನ ಮುಂದಿನ ಕಂಬಿ ತಾಗೋದು ಸರಿಯಾಗಿ ಇಲ್ಲೇ. ಪಟ್ಟಿ ಬಿಗಿದವರು ಯಾರು, ಗೇಜಾ?"

ಗೇಜಾ ಬೆಂಚಿನ ಮೇಲೆ ಕುಸಿದ. ಮರದ ದೋಣಿಗಳ ಕಾಲದ ಕೈ ಅದು. ಪಟ್ಟಿ ತಂತಿಯಂತೆ ಮಿಡಿಯುವವರೆಗೂ ಎಳೆದೇ ಅಭ್ಯಾಸ. ಈ ತೆಳು ಮೈ ಅದನ್ನು ತಾಳಲಿಲ್ಲ.

"ಹೇಳಿದ್ರೆ ಹುಟ್ಟು ಹಾಕಿದಾಗೆಲ್ಲ ಇವಳ ಕಿವಿ ಆ ಬಿರುಕಿನ ಮೇಲೇ ಇರ್ತಿತ್ತು," ಎಂದ. "ಎಮೋಕೆ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ. ತಪ್ಪಾಯ್ತು."

ಲಿಲ್ಲಾ ತೇಪೆಯ ಮೇಲೆ ಹೆಬ್ಬೆರಳೊತ್ತಿದಳು. ಅದು ಬಗ್ಗಲಿಲ್ಲ, ಪಕ್ಕದಲ್ಲಿ ಒತ್ತಿದರೆ ಮೈ ಬಗ್ಗಿತು.

"ಇಷ್ಟು ಹಗುರ ಬೇಕು ಅಂತ ಹಟ ಮಾಡಿದ್ದು ನಾನೇ ಮಾಮ," ಎಂದಳು. "ಈಗ ಇದೊಂದು ಜಾಗ ಆದ್ರೂ ಗಟ್ಟಿಯಾಗಿದೆ."

ಸೀಟನ್ನು ಬೆರಳಗಲ ಹಿಂದಕ್ಕೆ ಸರಿಸಿದರೆ ಮೂತಿ ಏಳುತ್ತದೆಂದು ಗೇಜಾ ಸ್ಪ್ಯಾನರು ತರಲು ಎದ್ದ. ಲಿಲ್ಲಾ ಎಮೋಕೆಯತ್ತ ತಿರುಗಿದಳು. ಸುಮ್ಮಸುಮ್ಮನೆ ಹೆಸರು ತೆಗೆದೆ, ಕ್ಷಮಿಸು ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ,

"ಮುಂದೆ ಸ್ವಲ್ಪ ಹಿಡ್ಕೋತೀಯಾ? ಮೂತಿ ಭಾರ."

ಎಮೋಕೆ ಹಿಡಿದಳು. "ನಾಳೆ ಸೋತ ಮೇಲೂ ಅದನ್ನೇ ಹೇಳ್ಬೇಡ ಮತ್ತೆ."

ಪಿರೋಶ್ಕಾ ಚಮಚ ತೊಳೆದು, ಸಾರನ್ನು ಮತ್ತೆ ಒಲೆಗೇರಿಸಲು ಹೋದಳು.