ತೊರ್‌ನಲ್ಲಿ ಕೂತವರು

ಅನಾರ್‌ಕುಲ್‌ಳನ್ನು ಠಾಣೆಗೆ ಕರೆದೊಯ್ದಾಗ ಅವಳ ಕೈಗೆ ಬೊರ್ಸೊಕ್ ಕರಿಯಲು ಕಲಸಿದ ಹಿಟ್ಟು ಇನ್ನೂ ಅಂಟಿಕೊಂಡಿತ್ತು. ಮಾವ ಕಸಿಮಾಲಿ ಅಷ್ಟರಲ್ಲಿ ಮಣ್ಣಾಗಿದ್ದ. ಅತ್ತೆ ಊಲ್ಕಾನ್ ಮತ್ತು ಐದು ವರ್ಷದ ಮಗಳು ಸೊನುನ್ ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಾಂತಿ ಮಾಡಿಕೊಳ್ಳುತ್ತ ಮಲಗಿದ್ದರು. ಮೂವರಿಗೂ ತಲೆಗೂದಲು ಹಿಡಿಹಿಡಿಯಾಗಿ ಉದುರಿತ್ತು. ಕೂದಲು ಉದುರಿಸುವ ಇಲಿಪಾಷಾಣವೊಂದಿದೆ ಎಂದು ನಮ್ಮ ಡಾಕ್ಟರು ಬಾಯಿ ಬಿಟ್ಟದ್ದೇ ತಡ, ಊರು ತೀರ್ಪು ಕೊಟ್ಟುಬಿಟ್ಟಿತು. ಮನೆಯಲ್ಲಿ ಚಹಾ ಬಗ್ಗಿಸುವವಳು ಸೊಸೆ, ಮತ್ತು ಆ ಸೊಸೆಗೆ ಏನೂ ಆಗಿರಲಿಲ್ಲ.

ನಾನು ಶರ್ಶೆನ್, ಆಸ್ಪತ್ರೆಯ ಗಾಡಿ ಓಡಿಸುವವನು. ಸತ್ತವರನ್ನೂ ಸಾಯುವವರನ್ನೂ ಸಾಗಿಸಿ ನನ್ನ ನಾಲಿಗೆ ಕಹಿಯಾಗಿದೆ ಎಂದು ಹೆಂಡತಿ ಹೇಳುತ್ತಾಳೆ. ಇರಬಹುದು. ಜೀಪು ಹತ್ತುವ ಮೊದಲು ಅನಾರ್‌ಕುಲ್ ನನ್ನ ತೋಳು ಹಿಡಿದುಕೊಂಡಳು.

"ಶರ್ಶೆನಣ್ಣ, ನನ್ನ ಗಲ್ಲಿಗೆ ಹಾಕ್ಲಿ, ಬೇಕಾದ್ದು ಮಾಡ್ಲಿ. ಅದಕ್ಕೆ ಮುಂಚೆ ಮಗು ಹತ್ರ ಒಂದ್ಸಲ ಬಿಡ್ಲಿ. ಬತ್ಮಾ ಅಕ್ಕಂಗೆ ಹೇಳು. ಅವಳ ಮಾತನ್ನ ಇವರು ಕೇಳ್ತಾರೆ."

ಅವಳ ಗಂಡ ತೊಲೊಮುಶ್ ಬಾಗಿಲಲ್ಲೇ ನಿಂತಿದ್ದ. ಹೆಂಡತಿಯ ಪರವಾಗಿ ಒಂದು ಮಾತೂ ಆಡಲಿಲ್ಲ. ಆ ಮೌನಕ್ಕೆ ನನಗೆ ಇಂದಿಗೂ ಸಿಟ್ಟಿದೆ.

ಬತ್ಮಾ ಅಕ್ಕ ನಮ್ಮ ಜಿಲ್ಲೆಯ ಹಳೆಯ ತನಿಖಾಧಿಕಾರಿ. ನಿವೃತ್ತಿಯ ನಂತರ ಸೇಬಿನ ತೋಟ, ಊದಿದ ಮಂಡಿ ಮತ್ತು ನಾನು, ಈ ಮೂರನ್ನು ಬೈದುಕೊಂಡು ಕಾಲ ಕಳೆಯುತ್ತಿದ್ದಳು. ಏನೇ ತಲೆನೋವು ಬಂದರೂ ಪೊಲೀಸರು ಅವಳ ಗೇಟು ತಟ್ಟುತ್ತಿದ್ದರು, ಅವಳನ್ನು ಕೂರಿಸಿಕೊಂಡು ಹೋಗುವವನು ನಾನು. ಮಾತು ಪೂರ್ತಿ ಕೇಳಿ ಅವಳು ಕೋಲು ಕೈಗೆತ್ತಿಕೊಂಡಳು.

"ಶರ್ಶೆನ್, ಕಸಿಮಾಲಿ ಸಾವಿನ ಮನೇಲಿ ನಾವಿಬ್ರೂ ಚಹಾ ಕುಡಿದ್ವಿ ತಾನೆ?"

"ಆರು ಬಟ್ಟಲು ಕುಡಿದೆ. ಬೇಜಾರಿಗೆ."

"ಯಾಕಪ್ಪ ಬೇಜಾರು?"

"ಗಾಡಿ ಓಡಿಸೋನು ಅಂತ ಬಾಗಿಲ ಹತ್ರ ಕೂರಿಸಿದ್ರಲ್ಲ! ಆ ಜುಮಾಶ್, ಮಾಮಿರ್‌ಕಾನ್ ಮುದುಕರು ಮೂರೂ ದಿನ ತೊರ್‌ನಲ್ಲಿ ಮೆರೆದ್ರು. ಅದಕ್ಕೂ ಜಗಳ, ಪೆಟ್ಟಿಗೆಗೆ ಒರಗಿ ಕೂರೋನು ನಾನು ಹಿರಿಯನೋ ನೀನು ಹಿರಿಯನೋ ಅಂತ."

ತೊರ್ ಎಂದರೆ ಬಾಗಿಲಿಗೆ ಎದುರಾದ ಗೋಡೆಯ ಕಡೆಯ ಜಾಗ. ಗೋಡೆಗೆ ದೊಡ್ಡ ಪೆಟ್ಟಿಗೆ, ಅದರ ಮೇಲೆ ಮಡಿಚಿದ ಹಾಸಿಗೆಗಳ ರಾಶಿ, ಅದಕ್ಕೆ ಬೆನ್ನು ಕೊಟ್ಟು ಹಿರಿಯರು ಕೂರುತ್ತಾರೆ. ಉಳಿದವರು ಮರ್ಯಾದೆ ಇಳಿದಂತೆ ಬಾಗಿಲ ಕಡೆಗೆ ಜಾರುತ್ತಾರೆ. ಬತ್ಮಾ ಅಕ್ಕನಿಗೂ ಅಲ್ಲೇ ಜಾಗವಿತ್ತು. ಮಂಡಿ ಮಡಿಸಲಾಗದೆ ಸ್ಟೂಲು ಕೇಳಿ ನನ್ನ ಪಕ್ಕಕ್ಕೆ ಬಂದಿದ್ದಳು.

"ನಮ್ಮ ಜೊತೆ ಇನ್ನೊಬ್ಬರಿದ್ರು, ಮರೆತ್ಯಾ?" ಎಂದಳು.

ಮರೆಯುವುದೇ? ಎಸೆನ್‌ಕುಲ್ ಸಾಹೇಬರು! ಕಣಿವೆಯ ಮೇಲೆ ವಿದ್ಯುತ್ ಸ್ಥಾವರಕ್ಕೆ ನೀರಿನ ಕೊಳವೆ ಬೆಸೆಯುತ್ತಿದ್ದ ಕಂಪನಿಯಲ್ಲಿ ಸುರಕ್ಷತೆಯ ಅಧಿಕಾರಿ. ಬೆಸುಗೆ ಗಟ್ಟಿಯಾಗಿದೆಯೇ ಎಂದು ಅಲ್ಲಿ ವಿಕಿರಣದಿಂದ ಚಿತ್ರ ತೆಗೆಯುತ್ತಾರೆ. ಆ ಕಿರಣ ಮನುಷ್ಯರಿಗೆ ತಾಗದಂತೆ ನೋಡಿಕೊಳ್ಳುವುದೇ ಇವರ ಕೆಲಸ. ಸಾವಿಗೆ ಕುರಿ ತಂದಿದ್ದರು. ತೊರ್‌ಗೆ ಬನ್ನಿ ಎಂದು ಎಷ್ಟು ಎಳೆದರೂ ಒಲ್ಲೆನೆಂದು ನನ್ನ ಪಕ್ಕ ಕೂತರು. ಅಷ್ಟು ದೊಡ್ಡವರ ಭುಜ ನನ್ನ ಭುಜಕ್ಕೆ ತಾಗಿದ್ದಕ್ಕೆ ನಾನು ಉಬ್ಬಿಹೋಗಿದ್ದೆ. ಮದುವೆಗೂ ಕಳಚದ ಬಿಲ್ಲೆಯೊಂದು ಅವರ ಜೇಬಿನ ಮೇಲೆ ಸದಾ ಇರುತ್ತಿತ್ತು, ಮೈಗೆ ಎಷ್ಟು ಕಿರಣ ತಾಗಿತೆಂದು ತೋರಿಸುವ ಬಿಲ್ಲೆ. ಅಂದು ಇರಲಿಲ್ಲ. "ಪದಕ ಎಲ್ಲಿ ಸಾಹೇಬ್ರೇ?" ಎಂದು ಕೆಣಕಿದ್ದಕ್ಕೆ "ಅಂಗಿ ಬದಲಿಸಿದೆ" ಎಂದಿದ್ದರು.

ಮೊದಲು ಠಾಣೆಗೆ ಹೋದೆವು. ಕ್ಯಾಪ್ಟನ್ ಬೈಸಾಲ್ ಚಹಾದ ಪ್ರಶ್ನೆಗಳನ್ನೇ ಕೇಳಿ ಸುಸ್ತಾಗಿದ್ದ. ಬತ್ಮಾ ಅಕ್ಕ ಚಹಾದ ಸುದ್ದಿಯನ್ನೇ ಎತ್ತಲಿಲ್ಲ.

"ಮಲಗೋದು ಯಾರು ಎಲ್ಲಿ, ಹೇಳಮ್ಮ."

"ನಾವಿಬ್ರೂ ಚಿಕ್ಕ ಕೋಣೇಲಿ. ಸೊನುನ್ ಅಜ್ಜಿ ಮಗ್ಗುಲಲ್ಲಿ, ಪೆಟ್ಟಿಗೆ ಮುಂದೆ," ಎಂದಳು ಅನಾರ್‌ಕುಲ್. "ಮೊದಲ ಮಗು ಅಜ್ಜ ಅಜ್ಜಿದು ಅಲ್ವಾ ಅಕ್ಕ. ಊಟಕ್ಕೂ ಅಜ್ಜನ ತೊಡೆ ಮೇಲೇ."

"ಹಾಸಿಗೆ ಮಡಿಚಿ ಇಡೋದು ನೀನೇ ತಾನೆ?"

"ಎಲ್ಲಿ ಬಿಡ್ತಿದ್ರು? ನಾನು ಮಡಿಚಿದ್ರೆ ಒಂಟೆ ಗೂನು ಥರ ಇರತ್ತೆ ಅಂತ ಅತ್ತೆನೇ ಮಡಿಚೋರು. ಪೆಟ್ಟಿಗೆ ಬೀಗದ ಕೈಯೂ ಅವರ ಸೊಂಟದಲ್ಲೇ."

ಆಸ್ಪತ್ರೆಯಲ್ಲಿ ಊಲ್ಕಾನ್ ಅಜ್ಜಿ ಅರ್ಧ ಎಚ್ಚರದಲ್ಲಿದ್ದಳು. ಬಲಗೈಯ ಬೆರಳುಗಳು ಕುದಿಯುವ ನೀರು ಬಿದ್ದಂತೆ ಬೊಬ್ಬೆ ಎದ್ದಿದ್ದವು. ಚಹಾದ ಬಿಸಿ ಸಮೋವರ್ ತಾಗಿತೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸಿದಳು. ಪಕ್ಕದ ಮಂಚದಲ್ಲಿದ್ದ ಸೊನುನ್ ಕಡೆ ತಿರುಗಿ, "ಪೆಟ್ಟಿಗೇಲಿ ಇವಳ ಜಡೆಗೆ ಬೆಳ್ಳಿ ಇಟ್ಟಿದ್ದೀನಿ. ಇವಳಜ್ಜ ಕುರಿ ಕಾಯೋವಾಗ ಹೆಕ್ಕಿ ತಂದದ್ದು. ಯಾರೂ ಕದೀಬೇಡಿ," ಎಂದಳು. ಅಜ್ಜಿ ಬಡಬಡಿಸುತ್ತಿದ್ದಾಳೆ ಎಂದುಕೊಂಡೆ. ಸೊನುನ್ ನನ್ನನ್ನು ನೋಡಿ, "ನಮ್ಮಮ್ಮನ್ನ ನಿನ್ ಗಾಡೀಲಿ ಕರ್ಕೊಂಡ್ ಬಾ," ಎಂದಿತು. ತರುತ್ತೇನೆ ಎಂದೆ. ಆ ತಲೆಯಲ್ಲಿ ಜಡೆ ಹಾಕುವಷ್ಟು ಕೂದಲು ಉಳಿದಿರಲಿಲ್ಲ.

ಹೊರಗೆ ತೊಲೊಮುಶ್ ಸಿಕ್ಕಿದ. ಕಣ್ಣು ಕೆಂಪಾಗಿತ್ತು.

"ಅಪ್ಪಂದು ಕೊನೇ ಫೋಟೋನೂ ಇಲ್ಲ ಅಕ್ಕ. ಕ್ಯಾಮೆರಾ ರೀಲನ್ನ ಪೆಟ್ಟಿಗೆ ಮೇಲೆ ಜೋಪಾನವಾಗಿ ಇಟ್ಟಿದ್ದೆ. ಸ್ಟುಡಿಯೋದವನು ತೊಳೆದು ಕೊಟ್ಟಾಗ ಪೂರ್ತಿ ಕಪ್ಪು. ಬೆಳಕು ಬಿಟ್ಟಿದ್ದೀಯ ಅಂತ ನನ್ನನ್ನೇ ಬೈದ. ನಾನು ಮುಚ್ಚಳಾನೇ ತೆಗೆದಿಲ್ಲ!"

ಬತ್ಮಾ ಅಕ್ಕ ನಡೆಯುತ್ತಿದ್ದವಳು ನಿಂತುಬಿಟ್ಟಳು. ಅವಳ ಮುಖ ಅಷ್ಟು ಬಿಳಿಚಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಮನೇಲಿ ಈಗ ಯಾರಿದ್ದಾರೆ?"

"ಯಾರೂ ಇಲ್ಲ. ನಾನು ರಾತ್ರಿ ಮಲಗಕ್ಕೆ..."

"ಬೀಗ ಹಾಕು. ಒಳಗೆ ಕಾಲಿಟ್ರೆ ಕಾಲು ಮುರೀತೀನಿ."

ಆಮೇಲೆ ಅವಳು ಆಸ್ಪತ್ರೆಯ ಫೋನಿನಲ್ಲಿ ರಾಜಧಾನಿಯ ಯಾರೊಂದಿಗೋ ಬಹಳ ಹೊತ್ತು ಮಾತಾಡಿದಳು. ಜುಮಾಶ್ ಮತ್ತು ಮಾಮಿರ್‌ಕಾನ್ ಹೇಗಿದ್ದಾರೆ ನೋಡಿ ಬಾ ಎಂದು ನನ್ನನ್ನು ಓಡಿಸಿದಳು. ಇಬ್ಬರೂ ಊಟ ಸೇರದೆ ವಾಂತಿ ಮಾಡಿಕೊಂಡಿದ್ದರು. ವಯಸ್ಸಾಯಿತು, ಕುರಿಯ ಕೊಬ್ಬು ಹೆಚ್ಚಾಯಿತು ಎಂದರು.

ಮರುದಿನ ಸಾವಿಗೆ ಬಂದಿದ್ದವರನ್ನೆಲ್ಲ ತನ್ನ ಸೇಬಿನ ತೋಟಕ್ಕೆ ಕರೆಸಿದಳು. ಕಸಿಮಾಲಿಯ ಮನೆ ಅಲ್ಲಿಂದ ದೂರ, ಕಾಣುವುದು ಚಾವಣಿ ಮಾತ್ರ. ಹುಲ್ಲಿನ ಮೇಲೆ ಹಗ್ಗ ಎಳೆದು ಕೋಣೆಯೊಂದನ್ನು ಗುರುತಿಸಿದ್ದಳು. ಇಲ್ಲಿ ಬಾಗಿಲು, ಅಲ್ಲಿ ಪೆಟ್ಟಿಗೆ. ಕ್ಯಾಪ್ಟನ್ ಬೈಸಾಲ್ ಅನಾರ್‌ಕುಲ್‌ಳನ್ನೂ ಕರೆತಂದಿದ್ದ.

"ಸಾವಿನ ಮನೇಲಿ ಹೇಗೆ ಕೂತಿದ್ರೋ ಹಾಗೇ ಕೂತ್ಕೊಳ್ಳಿ," ಎಂದಳು ಬತ್ಮಾ ಅಕ್ಕ.

ನಮ್ಮ ಜನಕ್ಕೆ ತಿಂದದ್ದು ಮರೆಯಬಹುದು, ಕೂತ ಜಾಗ ಮರೆಯುವುದಿಲ್ಲ. ಚಿಟಿಕೆಯಲ್ಲಿ ಎಲ್ಲರೂ ಅವರವರ ಸ್ಥಾನಕ್ಕೆ ಸೇರಿದರು. ಜುಮಾಶ್ ಮತ್ತು ಮಾಮಿರ್‌ಕಾನ್ ಅಲ್ಲೂ ಮೊಣಕೈಯಲ್ಲಿ ತಿವಿದಾಡಿದರು. ಎಸೆನ್‌ಕುಲ್ ಸಾಹೇಬರು ಬಂದು ನನ್ನ ಪಕ್ಕ, ಹಗ್ಗದ ಬಾಗಿಲಲ್ಲಿ ಕೂತರು.

"ಚಹಾದಲ್ಲಿ ವಿಷ ಅಂದ್ರಿ. ಒಂದೇ ಸಮೋವರ್, ಒಂದೇ ಕೈ. ಈ ಶರ್ಶೆನ್ ಆರು ಬಟ್ಟಲು ಕುಡಿದು ಹೋರಿ ಥರ ಇದ್ದಾನೆ. ಮುದುಕರಿಬ್ಬರೂ ಅದನ್ನೇ ಕುಡಿದು ವಾಂತಿ ಮಾಡ್ತಿದ್ದಾರೆ. ಅದೆಂಥ ವಿಷ ಕಣಪ್ಪ, ಮರ್ಯಾದೆ ನೋಡಿ ಹತ್ತೋದು?" ಎಂದಳು ಬತ್ಮಾ ಅಕ್ಕ. "ಕಸಿಮಾಲಿ ಹಗಲೆಲ್ಲ ತೊರ್‌ನಲ್ಲಿ ಕೂರೋನು, ಸತ್ತ. ಅವನ ಹೆಂಡ್ತಿ, ಮೊಮ್ಮಗು ಅಲ್ಲೇ ಮಲಗೋರು. ಬಾಗಿಲ ಹತ್ರ ಕೂರೋ ಸೊಸೆಗೆ, ಬೇರೆ ಕೋಣೆಯ ಮಗನಿಗೆ ಏನೂ ಇಲ್ಲ. ವಿಷ ಬಟ್ಟಲಲ್ಲಿಲ್ಲ, ಜಾಗದಲ್ಲಿದೆ. ಮುಚ್ಚಳ ತೆಗೆಯದ ರೀಲನ್ನ ಕಪ್ಪು ಮಾಡಿದೆ, ಅಜ್ಜಿ ಬೆರಳನ್ನ ಬೆಂಕಿ ಇಲ್ಲದೆ ಸುಟ್ಟಿದೆ. ಎಸೆನ್‌ಕುಲ್, ಒಂದು ಉಪಕಾರ ಮಾಡಪ್ಪ. ಆ ಮನೆ ಪೆಟ್ಟಿಗೇಲಿ ಒಂದು ಬೆಳ್ಳಿ ತುಂಡಿದೆ, ಹೋಗಿ ತಂದುಕೊಡು."

ಅವರು ಏಳಲಿಲ್ಲ. ನನ್ನ ಭುಜಕ್ಕೆ ತಾಗಿದ್ದ ಭುಜವನ್ನು ಹಿಂದಕ್ಕೆಳೆದುಕೊಂಡರು.

"ನೀನು ಹೋಗಲ್ಲ," ಎಂದಳು ಬತ್ಮಾ ಅಕ್ಕ. "ಅದು ಬೆಳ್ಳಿ ಅಲ್ಲ ಅಂತ ಈ ತೋಟದಲ್ಲಿ ಗೊತ್ತಿರೋದು ನನಗೆ ಮತ್ತು ನಿನಗೆ. ಅಪರೂಪದ ಅತಿಥಿ, ಕುರಿ ತಂದೋನು, ತೊರ್ ಬೇಡ ಅಂದೆ. ಎಷ್ಟು ವಿನಯ ಅಂತ ಊರೆಲ್ಲ ಹೊಗಳ್ತು. ಮದುವೆಗೂ ಹಾಕ್ಕೊಂಡು ಬರೋ ಬಿಲ್ಲೇನ ಅವತ್ತು ಮಾತ್ರ ಮನೇಲಿ ಬಿಟ್ಟು ಬಂದೆ. ಹಾಕ್ಕೊಂಡಿದ್ರೆ ಅದರಲ್ಲೂ ಗುರುತು ಬೀಳ್ತಿತ್ತು, ಎಲ್ಲಿ ತಾಗಿತು ಅಂತ ಕೇಳೋರು ಹುಟ್ಕೋತಿದ್ರು."

ಎಸೆನ್‌ಕುಲ್ ನೆಲ ನೋಡುತ್ತ ಹೇಳಿದರು. ಚಿತ್ರ ತೆಗೆಯುವ ಯಂತ್ರದಿಂದ ಬೆರಳುದ್ದದ ಉಕ್ಕಿನ ತುಂಡು ಕಳಚಿ ಕೊಳವೆಯ ದಾರಿಯಲ್ಲಿ ಬಿದ್ದಿತ್ತು. ಕಿರಣ ಹೊರಡುವುದು ಅದರ ತುದಿಯಿಂದ. ಕೆಲಸ ಮುಗಿದ ಮೇಲೆ ಮೀಟರಿನಲ್ಲಿ ಕಿರಣ ಅಳೆದು ನೋಡಬೇಕು ಎಂಬ ನಿಯಮ ಬರೆದವರೇ ಅವರು. ಅಂದು ಮೀಟರಿನ ಬ್ಯಾಟರಿ ಸತ್ತಿತ್ತು, ಚಳಿಯಿತ್ತು, ನಾಳೆ ನೋಡೋಣ ಎಂದಿದ್ದರು. ನಾಳೆಗೆ ಅದು ಅಲ್ಲಿರಲಿಲ್ಲ. ಮೀಟರನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಹಳ್ಳಿಯೆಲ್ಲ ತಿರುಗಿ, ಕಸಿಮಾಲಿಯ ಮನೆಯ ಹಿಂಗೋಡೆಯ ಹತ್ತಿರ ಪತ್ತೆ ಮಾಡಿದ್ದರು.

"ಆಗ ಯಾರೂ ಕಾಯಿಲೆ ಬಿದ್ದಿರಲಿಲ್ಲ," ಎಂದರು. "ಹೇಳಿದ್ರೆ ನಾನು ಜೈಲಿಗೆ, ಕಂಪನಿಗೆ ಬೀಗ. ಕದಿಯೋಣ ಅಂದ್ರೆ ಮನೆ ಖಾಲಿ ಇರ್ತಿರಲಿಲ್ಲ. ಹಳೇ ತುಂಡು, ಬಲ ಕಮ್ಮಿ. ಎರಡೂವರೆ ತಿಂಗಳಿಗೆ ಇನ್ನೂ ಅರ್ಧ ಆಗತ್ತೆ, ಆಮೇಲೆ ಅದರಲ್ಲರ್ಧ. ಕಾಯ್ದರೆ ತಾನಾಗೇ ಆರಿಹೋಗತ್ತೆ ಅಂದ್ಕೊಂಡೆ."

"ಮುದುಕ ಸತ್ತ ಮೇಲೂ?"

"ಆಮೇಲೆ ಹೇಳೋದು ಇನ್ನೂ ಕಷ್ಟ ಆಯ್ತು ಅಕ್ಕ."

ಜುಮಾಶ್ ಅಜ್ಜ ಮೆಲ್ಲಗೆ ಮಾಮಿರ್‌ಕಾನನ ಕಡೆ ತಿರುಗಿದ. "ನೀನೇ ಹಿರಿಯ ಅಂತ ಒಪ್ಕೊಂಡುಬಿಡಬೇಕಿತ್ತು ಕಣೋ," ಎಂದ. ಮಾಮಿರ್‌ಕಾನ್ ಅವನ ಕೈ ಹಿಡಿದುಕೊಂಡ. ಅವರ ಅಕ್ಕಪಕ್ಕ ಕೂತಿದ್ದವರು ತಮಗೂ ಪೆಟ್ಟಿಗೆಗೂ ಎಷ್ಟು ದೂರವೆಂದು ಕಣ್ಣಲ್ಲೇ ಅಳೆಯುತ್ತಿದ್ದರು. ನಾನೂ ಅಳೆದೆ. ಯಾವ ಜಾಗಕ್ಕೆ ಊರನ್ನು ಶಪಿಸಿದ್ದೆನೋ ಅದೇ ಜಾಗ ನನ್ನನ್ನು ಉಳಿಸಿತ್ತು, ಅದಕ್ಕೆ ಸಂತೋಷಪಡಲು ನಾಚಿಕೆಯಾಯಿತು.

ಅನಾರ್‌ಕುಲ್ ಎದ್ದು ಬಂದು ಎಸೆನ್‌ಕುಲ್ ಎದುರು ಮಂಡಿಯೂರಿದಳು. ಹೊಡೆಯುತ್ತಾಳೆ ಎಂದುಕೊಂಡೆವು.

"ಇದರ ಬಗ್ಗೆ ಓದಿರೋದು ನೀವೊಬ್ರೇ. ನನ್ನ ಮಗು ಉಳಿಯತ್ತಾ?"

"ಎಲ್ಲಿ ಮಲಗ್ತಿತ್ತು?"

"ಅಜ್ಜಿ ಮಗ್ಗುಲಲ್ಲಿ. ಪೆಟ್ಟಿಗೆ ಕಡೆ ತಲೆ ಹಾಕಿ."

ಅವರು ಲೆಕ್ಕ ಹಾಕುವುದು ಮುಖದಲ್ಲಿ ಕಾಣುತ್ತಿತ್ತು. ಲೆಕ್ಕ ಮುಗಿದದ್ದೂ ಕಂಡಿತು. ಅವರು ಮುಖ ತಿರುಗಿಸಿದರು.

ರಾಜಧಾನಿಯಿಂದ ಬಂದವರು ಉದ್ದನೆಯ ಇಕ್ಕಳದಲ್ಲಿ ಆ ತುಂಡನ್ನು ಎತ್ತಿ ಸೀಸದ ಡಬ್ಬಿಗೆ ಹಾಕಿಕೊಂಡು ಹೋದರು. ಅದರ ತುದಿಗೆ ಊಲ್ಕಾನ್ ಅಜ್ಜಿ ಕೆಂಪು ದಾರ ಕಟ್ಟಿಟ್ಟಿದ್ದಳು. ಎಸೆನ್‌ಕುಲ್ ಜೈಲಿಗೆ ಹೋದರು. ಅಜ್ಜಿ ಅದೇ ವಾರ ತೀರಿಕೊಂಡಳು. ಅನಾರ್‌ಕುಲ್‌ಳನ್ನೂ ಮಗುವನ್ನೂ ನಾನೇ ರಾಜಧಾನಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಮಗು ತಾಯಿಯ ತೊಡೆಯ ಮೇಲಿತ್ತು. ವಾಪಸ್ ಬರುವಾಗಲೂ ತೊಡೆಯ ಮೇಲೆಯೇ ಇತ್ತು. ನಾನು ಕನ್ನಡಿಯಲ್ಲಿ ಹಿಂದೆ ನೋಡಲಿಲ್ಲ.

"ನಾನು ಪತ್ತೆ ಮಾಡಿದೆ ಅಂತ ಹೊಗಳಬೇಡ. ಸಾವಿನ ಮನೇಲಿ ಅವನು ಬಾಗಿಲಲ್ಲಿ ಕೂತಾಗಲೇ ಯಾಕೆ ಅಂತ ಕೇಳಿದ್ದಿದ್ರೆ ಅದು ಪತ್ತೆ," ಎಂದಳು ಬತ್ಮಾ ಅಕ್ಕ.

ಸೊನುನ್‌ಳ ಸಾವಿಗೆ ಅದೇ ಮನೆಯಲ್ಲಿ ಜನ ಸೇರಿದರು. ತುಂಡು ಹೋದ ಮೇಲೆ ಮನೆಯಲ್ಲಿ ಏನೂ ಉಳಿದಿಲ್ಲ, ಧೈರ್ಯವಾಗಿ ಕೂರಬಹುದು ಎಂದು ಮೀಟರಿನವರು ಹೇಳಿದ್ದರು. ಆದರೂ ಎಲ್ಲರೂ ಬಾಗಿಲ ಬಳಿ ಒಬ್ಬರ ಮೇಲೊಬ್ಬರು ಒತ್ತಿಕೊಂಡು ನಿಂತರು. ತೊಲೊಮುಶ್ ಹೆಂಡತಿಯ ಮುಖ ನೋಡಲಾರದೆ ತಲೆ ತಗ್ಗಿಸಿದ್ದ.

ಅನಾರ್‌ಕುಲ್ ಸಮೋವರ್ ಬಿಟ್ಟು ಎದ್ದಳು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ತುಳಿಯದ ಜಾಗಕ್ಕೆ ನೇರವಾಗಿ ನಡೆದು, ಪೆಟ್ಟಿಗೆಗೆ ಬೆನ್ನು ಕೊಟ್ಟು ತೊರ್‌ನಲ್ಲಿ ಕೂತಳು. ಪಕ್ಕದ ನೆಲವನ್ನು, ಮಗು ಮಲಗುತ್ತಿದ್ದ ನೆಲವನ್ನು, ಅಂಗೈಯಲ್ಲಿ ಸವರಿದಳು.

"ಈ ಮನೇಲಿ ಇಲ್ಲಿ ಕೂರದೇ ಇದ್ದೋಳು ನಾನೊಬ್ಬಳೇ," ಎಂದಳು.

ಏಳು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಚಹಾ ಆರುತ್ತಿತ್ತು, ಬಗ್ಗಿಸುವವರು ಇರಲಿಲ್ಲ.